ಆರು ಬೀಳುತ್ತದೆ, ಎಂಟು ತಿನ್ನುತ್ತದೆ

ನನ್ನ ಕೆಲಸ ಏನೆಂಬುದು ನಮ್ಮ ಅತ್ತೆಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ರೊಟ್ಟಿ ಬಡಿಯುತ್ತ ಕೇಳಿದರು.

"ಗಿರಿಜಾ, ಆ ಆಫೀಸಿನ್ಯಾಗ ದಿನಾ ಹೋಗಿ ಏನ್ ಮಾಡತೀಯವಾ?"

"ಯಾವುದು ನಡೀತೈತಿ, ಯಾವುದು ನಡಿಯಂಗಿಲ್ಲ ಅಂತ ಹೇಳತೇನ್ರಿ ಅತ್ತಿ."

ಅವರ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಅಷ್ಟಕ್ಕ ಪಗಾರಾ ಕೊಡತಾರ? ನಾ ಈ ಮನ್ಯಾಗ ಮದುವ್ಯಾಗಿ ಬಂದಾಗಿಂದ ಬಿಟ್ಟಿ ಅದನ್ನ ಮಾಡಾಕತ್ತೇನಲ್ಲ!"

ನನ್ನ ಹುದ್ದೆಯನ್ನು ಇಷ್ಟು ಸರಿಯಾಗಿ ಬೇರೆ ಯಾರೂ ವಿವರಿಸಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಂದು ಗುಂಡಿ ಒತ್ತಿದರೆ ಎಲ್ಲವೂ ತಾನೇ ಹೊಸದಾಗುತ್ತದೆ ಎಂದು ನಂಬಿಕೊಂಡು ಬರುತ್ತಾರೆ. ನಂಬಲಿ, ಪಾಪ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಯಾವ ಸರ್ವರಿಗೆ ಸಪೋರ್ಟ್ ಕೊಡಬೇಕು ಎಂಬುದನ್ನು ಕಂಪ್ಯೂಟರಿನ ಮುಂದೆ ಕುಳಿತು ತೀರ್ಮಾನಿಸಬಹುದು. ಆದರೆ ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವಾಗ ಮೈಮೇಲೆ ಎಚ್ಚರ ಇರಬೇಕು.

ನಮ್ಮ ಆಫೀಸು ಬೈಲಹೊಂಗಲದ ಪ್ಯಾಟಿಯಲ್ಲಿ ಹತ್ತಿ ಗೋದಾಮಿನ ಮೇಲಿತ್ತು. ಕೆಳಗೆ ಹತ್ತಿ, ಮೇಲೆ ಸಾಫ್ಟ್‌ವೇರು. ಎರಡಕ್ಕೂ ಒಬ್ಬರೇ ಮಾಲೀಕರು, ವಿರೂಪಾಕ್ಷಪ್ಪ ಸಾವ್ಕಾರರು. ಪುಣ್ಯಾತ್ಮರಿಗೆ ಎರಡು ಹುಚ್ಚು. ಒಂದು ಕಂಪ್ಯೂಟರು, ಇನ್ನೊಂದು ಕನ್ನಡ ವ್ಯಾಕರಣ. ಮೊದಲನೆಯ ಹುಚ್ಚಿನಿಂದ ನಮಗೆ ಅನ್ನ ಸಿಕ್ಕಿತು, ಎರಡನೆಯದರಿಂದ ಈ ಕತೆ ಸಿಕ್ಕಿತು. ನಾವು ಮಾಡುತ್ತಿದ್ದುದು ಸೊಸೈಟಿಗಳ ಲೆಕ್ಕ ನೋಡುವ ಒಂದು ಪ್ರೋಗ್ರಾಮು. ನಮ್ಮ ದೊಡ್ಡ ಗಿರಾಕಿ ಎಂದರೆ ಸವದತ್ತಿಯಲ್ಲಿ ಮುಖ್ಯ ಕಚೇರಿಯಿದ್ದ ಒಂದು ಸೊಸೈಟಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳಲ್ಲಿ ಅದರ ಶಾಖೆಗಳಿದ್ದವು.

ಲೆಕ್ಕವೆಲ್ಲ ಕೂಡುವುದು ಡೇಟಾಬೇಸ್ ಸರ್ವರ್ ಎಂಬುದರಲ್ಲಿ. ಅದನ್ನು ಮಾಡುವವರು ಸಮುದ್ರದಾಚೆಯ ದೊಡ್ಡ ಕಂಪನಿಯವರು. ಅವರು ಎರಡು ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತರುತ್ತಿದ್ದರು: ಆರು, ಏಳು, ಎಂಟು. ನಡುವೆ ಹರಿದಲ್ಲಿ ಹೊಲಿಯಲು ಪ್ಯಾಚುಗಳನ್ನು ಕಳಿಸುತ್ತಿದ್ದರು. ನಮ್ಮ ಕಡೆ ಅದಕ್ಕೆ ಒಳ್ಳೆಯ ಹೆಸರಿದೆ, ತ್ಯಾಪಿ. ಹರಿದ ಧೋತರಕ್ಕೂ ತ್ಯಾಪಿ, ಸರ್ವರಿಗೂ ತ್ಯಾಪಿ. ಯಾವ ಆವೃತ್ತಿ, ಯಾವ ತ್ಯಾಪಿಯ ಮೇಲೆ ನಮ್ಮ ಪ್ರೋಗ್ರಾಮು ಸರಿಯಾಗಿ ನಡೆಯುತ್ತದೆ ಎಂದು ಪರೀಕ್ಷಿಸಿ, ಇದಕ್ಕೆ ಸಪೋರ್ಟ್ ಉಂಟು, ಇದಕ್ಕಿಲ್ಲ ಎಂದು ಶಾಖೆಗಳಿಗೆ ತಿಳಿಸುವುದು ನನ್ನ ಕೆಲಸ.

ಹೊಸ ತ್ಯಾಪಿ ಬಂದ ಕೂಡಲೇ ಹಚ್ಚಬಾರದೆಂಬುದು ಸಾವ್ಕಾರರ ಕಾನೂನು. "ಹೊಸಾ ಸೊಸಿ ಹೆಂಗಂತ ಮೂರ ಅಮಾಸಿ ಕಳದ ಮ್ಯಾಲ ತಿಳೀತೈತಿ, ಬಾಯಾರ" ಎನ್ನುತ್ತಿದ್ದರು.

"ಅತ್ತಿ ಹೆಂಗಂತ ಮೊದಲನೇ ದಿನಾನ ತಿಳೀತೈತ್ರಿ ಸಾವ್ಕಾರ್ರ" ಎಂದು ನಾನೂ ಬಿಡುತ್ತಿರಲಿಲ್ಲ. ಆದರೂ ಕಾನೂನು ಒಳ್ಳೆಯದೇ.

ಅದನ್ನು ಮುರಿದವರು ಕಿತ್ತೂರು ಶಾಖೆಯ ಮ್ಯಾನೇಜರು. ಹೊಸದು ಎಂದರೆ ಅವರಿಗೆ ಪ್ರಾಣ. ನಾವು ಏಳನ್ನು ಪರೀಕ್ಷೆ ಮಾಡಿ ಮುಗಿಸುವಷ್ಟರಲ್ಲಿ ಅವರು ಹುಬ್ಬಳ್ಳಿಗೆ ಹೋಗಿ ಎಂಟನ್ನೇ ತಂದು ಹಾಕಿಕೊಂಡಿದ್ದರು. ಒಂದು ದಿನ ಫೋನು ಬಂತು.

"ಬಾಯಾರ, ಎಂಟು ಭಾರೀ ಐತ್ರಿ! ಕಣ್ಣ ಮುಚ್ಚಿ ತೆಗೆಯೂದರಾಗ ವಾರ್ಷಿಕ ಸಭಾದ ಕಾರ್ಡು ಛಾಪಿಸಿ ಹಂಚಿಬಿಟ್ಟೇನಿ."

"ಕಾರ್ಡ ಒಮ್ಮೆ ಓದಿ ನೋಡಿದ್ರೇನ್ರಿ?"

ಅವರು ಓದಿರಲಿಲ್ಲ. ಹಳೆಯ ಆವೃತ್ತಿಗಳಲ್ಲಿ ನಾವು ಕೇಳದಿದ್ದರೂ ಹೆಸರುಗಳು ಬರೆದ ಕ್ರಮದಲ್ಲಿಯೇ ಹೊರಬರುತ್ತಿದ್ದವು. ಅಧ್ಯಕ್ಷರು ಮೊದಲು, ಆಮೇಲೆ ಉಪಾಧ್ಯಕ್ಷರು, ಹೀಗೆ. ಎಂಟು ಯಾರ ಹಂಗಿನಲ್ಲಿಯೂ ಇರಲಿಲ್ಲ. ಸಭೆಯ ಕಾರ್ಡಿನಲ್ಲಿ 'ಘನ ಉಪಸ್ಥಿತಿ' ಎಂಬುದರ ಕೆಳಗೆ ಮೊದಲು ಕಾವಲುಗಾರ ಬಾಳಪ್ಪನ ಹೆಸರು, ಎಲ್ಲರಿಗಿಂತ ಕೊನೆಗೆ ಅಧ್ಯಕ್ಷರ ಹೆಸರು ಬಂದಿತ್ತು. ಅಧ್ಯಕ್ಷರು ಸಭೆಗೇ ಬರಲಿಲ್ಲ. ಬಾಳಪ್ಪ ಮಾತ್ರ ರುಮಾಲು ಸುತ್ತಿಕೊಂಡು ಬಂದು ಮೊದಲನೆಯ ಕುರ್ಚಿಯಲ್ಲಿ ಕುಳಿತು, ಎಬ್ಬಿಸಲು ಹೋದವರಿಗೆ ಕಾರ್ಡು ತೋರಿಸಿದನಂತೆ. ಇದರಿಂದ ಕಲಿಯಬೇಕಾದದ್ದು ಇಷ್ಟೆ: ಕ್ರಮ ಬೇಕಿದ್ದರೆ ಬಾಯಿಬಿಟ್ಟು ಕೇಳಿ. ಸರ್ವರು ಯಾರ ಮರ್ಯಾದೆಯನ್ನೂ ತಾನಾಗಿ ಕಾಯುವುದಿಲ್ಲ.

ರಾಮದುರ್ಗದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಆರು ಇತ್ತು. ಯಂತ್ರ ಹಳೆಯದು, ಏಳನ್ನು ಹಾಕಿದರೆ ಏದುಸಿರು ಬಿಡುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮಹಬೂಬಸಾಬರು. ನೇಕಾರರ ಮನೆತನ. ಮುಂಜಾನೆ ಮನೆಯಲ್ಲಿ ಮಗ್ಗದ ಮೇಲೆ ಸೀರೆ ನೇಯ್ದು, ಊಟ ಮಾಡಿ, ಆಮೇಲೆ ಸೊಸೈಟಿಗೆ ಬಂದು ಆರನ್ನು ಎಬ್ಬಿಸುತ್ತಿದ್ದರು. ಎಬ್ಬಿಸುವುದು ಎಂದು ಸುಮ್ಮನೆ ಹೇಳಲಿಲ್ಲ, ಆ ಸರ್ವರು ದಿನಕ್ಕೊಮ್ಮೆಯಾದರೂ ಬೀಳುತ್ತಿತ್ತು. ಸಾಬರು ಸಮಾಧಾನಿ. "ಎಳಿ ಕಡೀತು ಅಂತ ಮಗ್ಗಾ ಮಾರ್ತಾರೇನ್ರಿ? ಗಂಟ ಹಾಕಿ ನೇಯೂದು" ಎನ್ನುತ್ತಿದ್ದರು.

ಸವದತ್ತಿ, ಬೈಲಹೊಂಗಲಗಳಲ್ಲಿ ಏಳು ಇತ್ತು. ಹೀಗೆ ನಾಲ್ಕು ಊರಿಗೆ ಮೂರು ಆವೃತ್ತಿ. ಒಂದು ದಿನ ಸಾವ್ಕಾರರು ಕರೆದರು. "ಬಾಯಾರ, ಮೂರು ದೋಣಿ ಮ್ಯಾಲ ಕಾಲಿಡಾಕ ನಮಗ ಇರೂವು ಎರಡ ಕಾಲು. ಏಳು ಒಂದ ಇರಲಿ. ಎಂಟು ಇನ್ನಾ ಎಳೇದು, ಬ್ಯಾಡ. ಆರು ಮುದಿಯಾತು, ಯುಗಾದಿಗೆ ತಗದಬಿಡೂಣು."

ತಾಂತ್ರಿಕವಾಗಿ ಅವರು ಹೇಳಿದ್ದು ಸರಿ. ಆದರೆ ಸುದ್ದಿ ಕಿವಿಗೆ ಬಿದ್ದ ದಿನವೇ ಮಹಬೂಬಸಾಬರು ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದು ನನ್ನ ಮುಂದೆ ಕುಳಿತರು.

"ಬಾಯಾರ, ಆರು ತಗದ್ರ ನಮ್ಮಲ್ಲಿ ಹೊಸಾ ಮಶೀನ ಕೊಡಸಂಗಿಲ್ಲಂತ. ಕಂಪ್ಯೂಟರ್ ಖೋಲಿನ ಬಂದ್ ಮಾಡಿ, ಪೂರಾ ಕೆಲಸಾ ಸವದತ್ತಿಗೆ ಒಯ್ತಾರಂತ. ನನ್ನೂ ಅಲ್ಲಿಗೆ ಹಾಕತಾರಂತ."

"ಬಸ್ಸಿನ್ಯಾಗ ಓಡ್ಯಾಡಾಕ ಆಗೂದಿಲ್ಲೇನ್ರಿ?"

"ನಾ ಓಡ್ಯಾಡತೇನ್ರಿ. ಮಗ್ಗಾ ಓಡ್ಯಾಡತೈತೇನ್ರಿ?"

ಮುಂಜಾನೆಯ ಬಸ್ಸಿಗೆ ಅವರು ಹೊರಟರೆ ಮಗ್ಗ ನಿಲ್ಲುತ್ತದೆ, ಅವರ ಅಪ್ಪನಿಂದ ಬಂದ ಕಸಬು ಅವರ ಮನೆಯಲ್ಲಿಯೇ ಮುಗಿಯುತ್ತದೆ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಸಾವ್ಕಾರರ ಹತ್ತಿರ ಹೋಗಿ ಜಗಳ ತೆಗೆದೆ. ಅವರು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. "ಒಬ್ಬರ ಮಗ್ಗದ ಸಲುವಾಗಿ ಒಂದು ಸರ್ವರ್ ಇಡಾಕ ಆಗೂದಿಲ್ಲ ಬಾಯಾರ" ಎಂದು ಸುತ್ತೋಲೆ ಬರೆಯಲು ಕುಳಿತರು.

ಇಲ್ಲಿಂದ ವ್ಯಾಕರಣದ ಕತೆ. ಸುತ್ತೋಲೆಯಲ್ಲಿ ಒಂದೂ ಇಂಗ್ಲಿಷ್ ಪದ ಇರಕೂಡದೆಂದು ಅವರ ಹಟ. ಸಪೋರ್ಟ್ ಎಂಬುದು ಬೆಂಬಲ ಆಯಿತು. ಪ್ಯಾಚು ತ್ಯಾಪಿ ಆಯಿತು. ಸರ್ವರಿಗೆ ಕನ್ನಡ ಸಿಗದೆ ಅದನ್ನು ಕೈಬಿಟ್ಟರು. ಆವೃತ್ತಿ ಎಂದರೆ ಜನಕ್ಕೆ ತಿಳಿಯದೆಂದು ಅದನ್ನೂ ಬಿಟ್ಟು ಬರೀ ನಂಬರು ಉಳಿಸಿಕೊಂಡರು. ಕೊನೆಗೆ ಸಿದ್ಧವಾದದ್ದು ಹೀಗಿತ್ತು:

'ಆರು ಬಹಳ ಹಳೆಯದು, ಮೇಲಿಂದ ಮೇಲೆ ಬೀಳುತ್ತದೆ. ಯುಗಾದಿಯ ನಂತರ ಇದಕ್ಕೆ ನಮ್ಮ ಬೆಂಬಲ ಇರುವುದಿಲ್ಲ. ಏಳು ನಾಲ್ಕನೆಯ ತ್ಯಾಪಿ ಹಚ್ಚಿದ ಮೇಲೆ ಗಟ್ಟಿಯಾಗಿದೆ, ಇದಕ್ಕೆ ನಮ್ಮ ಸಂಪೂರ್ಣ ಬೆಂಬಲ. ಎಂಟು ನೋಡಲು ಚೆಂದ, ಆದರೆ ಬಹಳ ತಿನ್ನುತ್ತದೆ. ಸದ್ಯಕ್ಕೆ ನಂಬಬೇಡಿರಿ.'

ತಿನ್ನುತ್ತದೆ ಎಂದರೆ ಯಂತ್ರದ ಮೆಮೊರಿಯನ್ನು. ಮೆಮೊರಿ ಇಂಗ್ಲಿಷ್ ಪದವಾದ್ದರಿಂದ ಅದೂ ಹೋಗಿತ್ತು.

ಸುತ್ತೋಲೆಯನ್ನು ಬಸ್ಸಿನ ಕಂಡಕ್ಟರರ ಕೈಯಲ್ಲಿ ನಾಲ್ಕೂ ಊರಿಗೆ ಕಳಿಸಿದೆವು. ಸೊಸೈಟಿಯ ಆಡಳಿತ ಮಂಡಳಿಯ ಚುನಾವಣೆ ಹತ್ತಿರ ಬಂದಿತ್ತು ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಸವದತ್ತಿಯ ಸಿಪಾಯಿ ಅದನ್ನು ನೋಟಿಸ್ ಬೋರ್ಡಿನಲ್ಲಿ ಅಭ್ಯರ್ಥಿಗಳ ಯಾದಿಯ ಕೆಳಗೇ ಅಂಟಿಸಿದ. ಯಾದಿಯಲ್ಲಿಯೂ ನಂಬರುಗಳಿದ್ದವು. ಆರನೆಯವರು ಮುನವಳ್ಳಿಯ ಸಂಗಪ್ಪಜ್ಜಾರು. ನವಿಲುತೀರ್ಥದ ಕಾಲುವೆಯ ತೂಬು ತೆರೆದು ಮುಚ್ಚುವ ಕೆಲಸದಲ್ಲಿದ್ದು ನಿವೃತ್ತರಾದವರು. ವಯಸ್ಸಾಗಿತ್ತು. ಅದೇ ವಾರ ಸವದತ್ತಿ ಬಸ್‌ ಸ್ಟ್ಯಾಂಡಿನಲ್ಲಿ ಜಾರಿ ಬಿದ್ದಿದ್ದರು. ಎಂಟನೆಯವರು ಒಬ್ಬ ಕಂತ್ರಾಟದಾರರು. ನೋಡಲು ಚೆಂದ ಇದ್ದರು.

ಜನ ಬೋರ್ಡಿನ ಮುಂದೆ ನೆರೆದರು. ಬಸ್‌ ಸ್ಟ್ಯಾಂಡಿನಲ್ಲಿ ಕಂಪ್ಯೂಟರ್ ಜಾತಕ ಬರೆಸುತ್ತಿದ್ದ ಕಾಲ ಅದು. "ಕಂಪ್ಯೂಟರಿನವ್ರು ಲೆಕ್ಕಾ ಹಾಕಿ ತಗದಾರೋ ಮಾರಾಯಾ! ಅಜ್ಜ ಬಿದ್ದದ್ದೂ ಗೊತ್ತಾಗೇತಿ, ಎಂಟನೇದಂವಾ ತಿನ್ನೂದೂ ಗೊತ್ತಾಗೇತಿ!" ಎಂದು ಸುದ್ದಿ ಹಬ್ಬಿತು. ಏಳನೆಯ ಅಭ್ಯರ್ಥಿ ಪೇಡೆಯ ಡಬ್ಬಿ ಹಿಡಿದುಕೊಂಡು ನಮ್ಮ ಆಫೀಸಿಗೆ ಬಂದು, ನನ್ನ ಅಪೆಂಡಿಕ್ಸ್ ಸೇರಿ ನಾಲ್ಕು ಆಪರೇಷನ್ ಆದದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿ ಕೈಮುಗಿದು ಹೋದರು. ಪೇಡೆ ತಿಂದು ಮುಗಿಸುವಷ್ಟರಲ್ಲಿ ಎಂಟನೆಯವರ ಜೀಪು ಬಂದು ನಿಂತಿತು.

ಅವರು ಮೆಟ್ಟಿಲು ಹತ್ತಿದ ರಭಸಕ್ಕೆ ಕೆಳಗಿನ ಹತ್ತಿಯೆಲ್ಲ ಮೇಲೆ ಹಾರಿತು. ಸಾವ್ಕಾರರ ಮುಂದೆ ಸುತ್ತೋಲೆ ಬಡಿದು ಕೇಳಿದರು. "ಏನ್ರಿ ಇದು?"

"ನೀವು ತಿನ್ನತೀರಿ ಅಂತ ನಾವ ಬರದಿಲ್ರಿ..." ಸಾವ್ಕಾರರು ತೊದಲಿದರು.

"ತಿನ್ನೂ ಸುದ್ದಿ ಬಿಡ್ರಿ! ಜನಾ ದಿನಾ ಅಂತಾರ. 'ತಿನ್ನುತ್ತದೆ' ಅಂದ್ರ ಏನರ್ಥ? ನಾ ಏನ್ ಎಮ್ಮಿ ಅದೇನೇನ್ರಿ? 'ತಿನ್ನುತ್ತಾರೆ' ಅಂತ ಬರಿಯಾಕ ನಿಮ್ಮ ಪೆನ್ನಿನ್ಯಾಗ ಮಸಿ ಇರಲಿಲ್ಲೇನು? ನಾಳಿನ ಒಳಗ ಮರ್ಯಾದಿಲೆ ತಿದ್ದಿ ಹಚ್ಚಬೇಕು!"

ಸಾವ್ಕಾರರು ಹೆದರಿದ್ದು ಜೀಪಿಗೆ. ಆದರೆ ಮರುಳಾದದ್ದು ವ್ಯಾಕರಣದ ತಕರಾರಿಗೆ. ಇಷ್ಟು ವರ್ಷದಲ್ಲಿ ಅವರ ಬರಹದ ಲಿಂಗ ವಚನಗಳನ್ನು ಯಾರಾದರೂ ಗಮನಿಸಿದ್ದು ಅದೇ ಮೊದಲು. ನಾನು ಬೇಡ ಬೇಡ ಎಂದೆ. 'ಇದು ಕಂಪ್ಯೂಟರಿನ ಸುದ್ದಿ' ಎಂದು ಒಂದು ಸಾಲು ಸೇರಿಸಿರಿ ಸಾಕು ಎಂದೆ. ಕೇಳಿದರೆ ತಾನೆ? ಮರುದಿನ ಅವರದೇ ಒಂದು ಹೆಚ್ಚಿನ ಸಾಲಿನೊಂದಿಗೆ ಹೊಸ ಸುತ್ತೋಲೆ ಬೋರ್ಡು ಏರಿತು:

'ಆರನೆಯವರು ಬಹಳ ಹಳಬರು, ಮೇಲಿಂದ ಮೇಲೆ ಬೀಳುತ್ತಾರೆ. ಬಿದ್ದರೆ ಗಾಬರಿಯಾಗದೆ ಗುಂಡಿ ಒತ್ತಿ ಎಬ್ಬಿಸಿರಿ. ಎಂಟನೆಯವರು ನೋಡಲು ಚೆಂದ, ಆದರೆ ಬಹಳ ತಿನ್ನುತ್ತಾರೆ.'

ಮೊದಲನೆಯದನ್ನು ಓದಿ ಇದು ಯಂತ್ರದ ಮಾತೋ ಮನುಷ್ಯರ ಮಾತೋ ಎಂದು ಅನುಮಾನಪಟ್ಟಿದ್ದ ಹತ್ತು ಜನರೂ ಇದನ್ನು ಓದಿ ನಿಶ್ಚಿಂತರಾದರು. ಎಂಟನೆಯವರು ಮಾತ್ರ, ಈಗ ಸರಿಯಾಯಿತು ಎಂದು ಸಮಾಧಾನಗೊಂಡರಂತೆ.

ಅದರ ಮರುದಿನ ಸಂಗಪ್ಪಜ್ಜಾರು ಬಂದರು. ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಕುಳಿತು, ನೀರು ಕುಡಿದು ಕೇಳಿದರು.

"ಯವ್ವಾ, ನಾ ಬೀಳೂದು ಖರೇನ. ಮುಪ್ಪಿನ್ಯಾಗ ಬೀಳದ ಹಾರತಾರೇನು? ಆದ್ರ ಈ ಗುಂಡಿ ಎಲ್ಲಿ ಐತಿ ಹೇಳು. ನಿನ್ನಿಯಿಂದ ಹುಡುಗೂರು ನನ್ನ ಅಂಗಿ ಗುಂಡಿ ಒತ್ತಾಕತ್ತಾವು."

ನಾನು ನಗು ತಡೆಯಲಾರದೆ ಒಳಗೆ ಓಡಿದೆ. ಹೊರಗೆ ಬಂದು, ಅವರ ಕಾಲು ಮುಟ್ಟಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಆರು ಎಂದರೆ ನೀವಲ್ಲ, ರಾಮದುರ್ಗದಲ್ಲಿರುವ ಒಂದು ಸರ್ವರು ಎಂದೆ. ಅದನ್ನು ತೆಗೆದರೆ ಮಹಬೂಬಸಾಬರ ಮಗ್ಗ ನಿಲ್ಲುವ ಸಂಗತಿಯನ್ನೂ ಹೇಳಿಬಿಟ್ಟೆ. ಅಜ್ಜಾರು ಕೋಲಿನ ತುದಿಯಿಂದ ನೆಲದ ಮೇಲೆ ಕಾಲುವೆಯಂಥ ಒಂದು ಗೆರೆ ಎಳೆದರು.

"ಕಾಲಿವಿ ತುದಿ ಹೊಲದವ್ರ ಹಣೇಬರಾನ ಇಷ್ಟು" ಎಂದರು. "ನೀರ ಕಡಿಮಿ ಬಂದ್ರ ಮೊದಲ ಬಂದ್ ಆಗೂದು ಅವ್ರದ. ಆರಕ್ಕ ಆರ ಆಗಬೇಕಲ್ಲಬೇ. ನಾ ಆರಿಸಿ ಬಂದ್ರ ನೋಡತೇನಿ."

ಚುನಾವಣೆಯಾಯಿತು. ಬೈಲಹೊಂಗಲದ ಕಂಪನಿಯವರು ಒಬ್ಬ ಮುದುಕನನ್ನು ಕೆಡವಲು ನಿಂತಿದ್ದಾರೆಂದು ಜನಕ್ಕೆ ಕನಿಕರ ಹುಟ್ಟಿ ಅಜ್ಜಾರು ಆರಿಸಿ ಬಂದರು. ತಿನ್ನುತ್ತಾರೆಂದು ಗೊತ್ತಿದ್ದೂ ಎಂಟನೆಯವರನ್ನೂ ಆರಿಸಿದರು. ನಾವು ಸಂಪೂರ್ಣ ಬೆಂಬಲ ಕೊಟ್ಟಿದ್ದ ಏಳನೆಯವರು ಸೋತರು. ಪೇಡೆಯ ಡಬ್ಬಿ ವಾಪಸು ಕೇಳಲಿಲ್ಲ, ದೊಡ್ಡ ಮನಸ್ಸು.

ಅಜ್ಜಾರು ಮೊದಲು ಮಾಡಿದ ಕೆಲಸ ರಾಮದುರ್ಗಕ್ಕೆ ಹೋಗಿ ತಮ್ಮ ನಂಬರಿನ ಯಂತ್ರವನ್ನು ನೋಡಿದ್ದು. ಅವರೆದುರೇ ಅದು ಒಮ್ಮೆ ಬಿತ್ತಂತೆ. ಮಹಬೂಬಸಾಬರು ಎಬ್ಬಿಸಿದರಂತೆ. "ಖರೇನ ನನ್ನಂಗ ಐತಿ" ಎಂದು ಅದರ ತಲೆ ಸವರಿ ಬಂದರಂತೆ. ಎರಡನೆಯ ಕೆಲಸ, ನಮ್ಮ ಸಾವ್ಕಾರರನ್ನು ಕರೆಸಿ ಸೊಸೈಟಿಯ ಠರಾವು ಬರೆಸಿದ್ದು. "ನಿಮ್ಮ ಆ ಮರ್ಯಾದಿ ಭಾಷಾದಾಗ ಬರೀರಿ" ಎಂದರು. ಸಾವ್ಕಾರರು ಬರೆದರು: 'ಆರನೆಯವರು ಇರುವವರೆಗೂ ರಾಮದುರ್ಗದ ಕಂಪ್ಯೂಟರ್ ಕೋಣೆಯನ್ನು ಮುಚ್ಚತಕ್ಕದ್ದಲ್ಲ.' ಎಂಟನೆಯವರು ಅನುಮೋದಿಸಿದರು. ಹೀಗೆ ತಂತ್ರಜ್ಞಾನದ ಯಾವ ಕಾರಣವೂ ಇಲ್ಲದೆ ನಾವು ಆರಕ್ಕೆ ವರ್ಷಗಟ್ಟಲೆ ಸಪೋರ್ಟ್ ಕೊಟ್ಟೆವು. ಮಾಡಿದ ಕಂಪನಿಯೇ ಅದನ್ನು ಮರೆತರೂ ನಾವು ಮರೆಯಲಿಲ್ಲ. ರಾಮದುರ್ಗದಲ್ಲಿ ಮಗ್ಗ ಮುಂಜಾನೆ ನಡೆಯುತ್ತಿತ್ತು, ಆರು ಊಟದ ಮೇಲೆ ಏಳುತ್ತಿತ್ತು.

ಹಲವು ವರ್ಷ ಕಳೆದ ಮೇಲೆ ಒಂದು ದಿನ ಮಹಬೂಬಸಾಬರ ಫೋನು ಬಂತು. ದನಿ ಬಿದ್ದುಹೋಗಿತ್ತು.

"ಆರನೆಯವ್ರು ಹೋದ್ರ ಬಾಯಾರ. ಎಷ್ಟ ಎಬ್ಬಿಸಿದ್ರೂ ಏಳಲಿಲ್ಲ."

ಆ ಸುತ್ತೋಲೆಯ ನಂತರ ನಾವೆಲ್ಲ ಆ ಯಂತ್ರವನ್ನು ಮರ್ಯಾದೆಯಿಂದ 'ಆರನೆಯವರು' ಎಂದೇ ಕರೆಯುತ್ತಿದ್ದೆವು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕಣ್ಣ ಮುಂದೆ ಬಂದದ್ದು ಅಜ್ಜಾರ ಮುಖ. ಖರೇ ಹೇಳುತ್ತೇನೆ, ಆಫೀಸಿನಲ್ಲಿಯೇ ಗೊಳೋ ಎಂದು ಅತ್ತುಬಿಟ್ಟೆ. ಸಾವ್ಕಾರರು ಗೋದಾಮು ಮುಚ್ಚಿಸಿ, ಸವದತ್ತಿಗೆ ಫೋನು ಮಾಡಿ ಸುದ್ದಿ ತಿಳಿಸಿದರು. ಅಜ್ಜಾರು ರಾಮದುರ್ಗದಲ್ಲಿ ಹೇಗೆ ತೀರಿಕೊಂಡರೆಂದು ಯಾರೂ ವಿಚಾರಿಸಲಿಲ್ಲ. ನಾನು ಚೆಂಡು ಹೂವಿನ ಒಂದು ದೊಡ್ಡ ಹಾರ ಕಟ್ಟಿಸಿಕೊಂಡು ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಬಸ್ಸು ನಿಂತಾಗ ನೋಡಿದರೆ ಸೊಸೈಟಿಯ ಬಾಗಿಲಲ್ಲಿ ಅಜ್ಜಾರ ಫೋಟೊ ಇಟ್ಟು ಊದುಬತ್ತಿ ಹಚ್ಚಿದ್ದರು.

ರಾಮದುರ್ಗದ ಶಾಖೆಯ ಮೆಟ್ಟಿಲು ಹತ್ತಿ ಒಳಗೆ ಹೋದೆ. ಕಂಪ್ಯೂಟರ್ ಕೋಣೆಯಲ್ಲಿ ಸತ್ತ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕುಳಿತು ಸಂಗಪ್ಪಜ್ಜಾರು ಬಶಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದರು. ಅವರೂ ಯಂತ್ರ ಸತ್ತ ಸುದ್ದಿ ಕೇಳಿ ಸಾಬರನ್ನು ಮಾತಾಡಿಸಲು ಬಂದಿದ್ದರು.

"ಯವ್ವಾ, ಇಷ್ಟ ದೊಡ್ಡ ಹಾರಾ ಯಾರಿಗೆ?"

"ನಿಮಗ್ರಿ ಅಜ್ಜಾರ" ಎಂದೆ. ಬೇರೆ ಏನು ಹೇಳಲಿ?

"ಹಂಗಾರ ಹಾಕ. ಕಣ್ಣ ಬಿಟಗೊಂಡ ಈ ಹಾರ ಹಾಕಿಸಿಕೊಳ್ಳೂ ಪುಣ್ಯ ಎಷ್ಟ ಮಂದಿಗೆ ಬರತೈತಿ?" ಎಂದು ಕೊರಳು ಚಾಚಿದರು. ಹಾಕಿದೆ.

ಮಹಬೂಬಸಾಬರು ಮಾತ್ರ ನಗಲಿಲ್ಲ. ಶಾಖೆಯ ಮ್ಯಾನೇಜರು ಆಗಲೇ ಬಾಗಿಲಲ್ಲಿ ನಿಂತು, "ಆರು ಹೋತಂದ್ರ ಠರಾವೂ ಹೋತ್ರಿ ಸಾಬ್ರ. ನಾಳೆಯಿಂದ ಸವದತ್ತಿ ಬಸ್ಸ ಹಿಡೀರಿ" ಎಂದು ಹೇಳಿ ಮುಗಿಸಿದ್ದರು. ನನಗೆ ಎಲ್ಲಿಂದ ಆ ಬುದ್ಧಿ ಬಂತೋ, ಸಾವ್ಕಾರರ ಸಹವಾಸದಿಂದಲೇ ಇರಬೇಕು.

"ಮ್ಯಾನೇಜರ್ರ, ಠರಾವಿನ್ಯಾಗ 'ಆರು ಇರುವವರೆಗೂ' ಅಂತ ಇಲ್ರಿ. 'ಆರನೆಯವರು ಇರುವವರೆಗೂ' ಅಂತ ಐತ್ರಿ. ಮಶೀನಿಗೆ ಯಾರರ 'ಅವರು' ಅಂತಾರೇನ್ರಿ? ಆರನೆಯವರು ಇಲ್ಲೇ ಕುಂತಾರಲ್ರಿ, ಚಾ ಕುಡ್ಯಾಕತ್ತಾರ."

ಮ್ಯಾನೇಜರು ಅಜ್ಜಾರನ್ನು ನೋಡಿದರು. ಅಜ್ಜಾರು ಹಾರ ಸರಿಮಾಡಿಕೊಂಡರು. ಮಹಬೂಬಸಾಬರು ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಾರಿಗೆ ಒಂದು ಅನುಮಾನ ಬಂತು.

"ಹಂಗಾರ ನಾ ಇನ್ನ ಸಾಯಾಕ ಬರಂಗಿಲ್ಲನು?"

"ಮಹಬೂಬಸಾಬ್ರು ರಿಟೈರ್ ಆಗೂಮಟಾ ಇಲ್ರಿ ಅಜ್ಜಾರ."

ಅಜ್ಜಾರು ಖಾಲಿ ಬಶಿ ಮುಂದೆ ಮಾಡಿದರು. "ಮತ್ತ ಅರ್ಧಾ ಕಪ್ಪ ಹಾಕ್ರಿ ಸಾಬ್ರ, ಭಾಳ ದಿನಾ ತಳ್ಳಬೇಕು."

ಸೊಸೈಟಿ ಬೇರೆ ದಾರಿ ಕಾಣದೆ ರಾಮದುರ್ಗಕ್ಕೆ ಹೊಸ ಯಂತ್ರ ಕೊಡಿಸಿತು. ಏಳು ಹಾಕಿ, ನಾಲ್ಕನೆಯ ತ್ಯಾಪಿ ಹಚ್ಚಿ ಬಂದೆ. ಆಮೇಲೆ ಎಷ್ಟೋ ಆವೃತ್ತಿಗಳು ಬಂದವು, ಹೋದವು. ಅಜ್ಜಾರು ಆಗಾಗ ಬಿದ್ದರು, ಪ್ರತಿ ಸಲ ಎದ್ದರು.

ಮಹಬೂಬಸಾಬರ ನಿವೃತ್ತಿಯ ದಿನ ನಾವೆಲ್ಲ ರಾಮದುರ್ಗದಲ್ಲಿ ಸೇರಿದ್ದೆವು. ಅವರ ಮಗ್ಗದ ಮೇಲೆಯೇ ನೇಯ್ದ ಒಂದು ಸೀರೆಯನ್ನು ನನಗೆ ಉಡುಗೊರೆ ಕೊಟ್ಟರು. ಭಾಷಣ ಮುಗಿದು ಜನ ಏಳುವಾಗ ಅಜ್ಜಾರು ಕೋಲಿನಿಂದ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು.

"ಯವ್ವಾ, ಇನ್ನ ಆರಕ್ಕ ಸಪೋರ್ಟ್ ತಗದ್ರ ನಡೀತೈತಿ."